ದರಿದ್ರ ವೈರು ತಂದ ನಿಲುಗಡೆ

ಹೋದ ತಿಂಗಳು ಮಳವಳ್ಳಿ ಬಸ್ ನಿಲ್ದಾಣದಲ್ಲಿ ಮದ್ದೂರಿನ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಮಳೆ ಆಗತಾನೆ ನಿಂತಿತ್ತು. ಒದ್ದೆ ಗೋಣಿಚೀಲದ ವಾಸನೆಯೂ ಬೇಯಿಸಿದ ಕಡಲೆಕಾಯಿಯ ವಾಸನೆಯೂ ಕಲೆತು ಮೂಗಿಗೆ ಹೊಡೆಯುತ್ತಿತ್ತು. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸೊಬ್ಬಳು ಮೊಬೈಲನ್ನು ಬುಟ್ಟಿಗೆ ಒರಗಿಸಿಕೊಂಡು ನಾಟಕದ ವಿಡಿಯೋ ನೋಡುತ್ತಿದ್ದಳು. ಯಾವುದೋ ಊರಿನ ಗಂಡಸರು ಆಡಿದ ಪೌರಾಣಿಕ ನಾಟಕ. ರಾಜಪಾರ್ಟಿನವನು ಗದೆ ಹೊತ್ತು ಬಂದ. "ನೆಲವೆಲ್ಲಾ" ಎಂದು ಎಳೆದು ನಿಂತ. ಹಾರ್ಮೋನಿಯಂ ನಿಂತಿತು, ತಬಲ ನಿಂತಿತು. ಆಮೇಲೆ "ನನ್ನದು" ಎಂದ. ಜನ ಶಿಳ್ಳೆ ಹೊಡೆದರು.

ಹೂವಿನವಳು ನನ್ನ ಕಡೆ ತಿರುಗಿ, "ಇದು ಚಿಕ್ಕಲಿಂಗಯ್ಯ ಮೇಷ್ಟ್ರು ಪಟ್ಟು ಕಣಕ್ಕ. ಇಂಗೆ ನಿಲ್ಸಾದು ಅವ್ರುನ್ ಬುಟ್ರೆ ಯಾರ್ಗೂ ಬರಕಿಲ್ಲ" ಎಂದಳು.

ಮೈಯೆಲ್ಲ ಉರಿದುಹೋಯಿತು. ಬಸ್ಸು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಆ ನಿಲುಗಡೆ ಚಿಕ್ಕಲಿಂಗಯ್ಯನವರದಲ್ಲ. ಅದು ಹುಟ್ಟಿದ್ದು ಮದ್ದೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ನನ್ನ ಮೈದುನ ತಂದ ಒಂದು ದರಿದ್ರ ವೈರಿನಿಂದ. ಅದನ್ನು ತಪ್ಪು ಎಂದವರು ಅವರೇ, ಆ ತಪ್ಪನ್ನು ನನ್ನ ತಲೆಗೆ ಕಟ್ಟಿದವರು ಅವರೇ, ಜನ ಚಪ್ಪಾಳೆ ತಟ್ಟಿದ ಮೇಲೆ ತಮ್ಮದು ಎಂದವರೂ ಅವರೇ. ನಾನು ನುಡಿಸಿದ ಆ ಮೊದಲ ನಾಟಕದ ವಿಡಿಯೋ ಈಗಲೂ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದೆ. ಅದರಲ್ಲಿ ಮೇಷ್ಟ್ರು ಶಾಲು ಹೊದ್ದು ಆಡಿದ ಮಾತಿದೆ. ಅದಾದ ಮೇಲೆ ನಡೆದದ್ದನ್ನು ವಿಡಿಯೋದವನು "ಸೌಂಡ್ ಕೈಕೊಟ್ಟಿತ್ತು" ಎಂದು ಕತ್ತರಿಸಿ ಎಸೆದಿದ್ದಾನೆ. ಆ ಕತ್ತರಿಸಿ ಎಸೆದದ್ದು ನನ್ನ ಹತ್ತಿರ ಇದೆ, ಇಲ್ಲಿ ಹೇಳುತ್ತೇನೆ.

ನಾನು ಮಕ್ಕಳಿಗೆ ಹಾರ್ಮೋನಿಯಂ, ಕೀಬೋರ್ಡು ಹೇಳಿಕೊಡುವವಳು. ನಮ್ಮವರು ಶಿವನಸಮುದ್ರದ ಕರೆಂಟು ಉತ್ಪಾದಿಸುವ ಕಡೆ ಪಾಳಿ ಕೆಲಸದಲ್ಲಿದ್ದಾರೆ, ರಜೆ ಸಿಕ್ಕಿದಾಗ ಮನೆಗೆ ಬರುತ್ತಾರೆ. ಹಿಂದಿನ ಕೋಣೆಯಲ್ಲಿ ಗೋಡೆಗೆ ಹಳೆಯ ಹಾಸಿಗೆ ನಿಲ್ಲಿಸಿ, ಕಿಟಕಿಗೆ ಕಂಬಳಿ ಬಿಗಿದು, ಕಂಪ್ಯೂಟರು ಇಟ್ಟುಕೊಂಡಿದ್ದೆ. ಅದಕ್ಕೆ ಸ್ಟುಡಿಯೋ ಎಂದು ಹೆಸರು. ಮನೆಯವರ ಬಾಯಲ್ಲಿ ಮಾತ್ರ "ಅವಳ ರೂಮು".

ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಹುಚ್ಚು. ಬೆಳಿಗ್ಗೆ ಕಬ್ಬಿಗೆ ನೀರು ಕಟ್ಟಿದವನು ಸಂಜೆ ಕಿರೀಟ ಇಟ್ಟುಕೊಂಡು ರಾಜನಾಗುತ್ತಾನೆ. ರಂಗದ ಪಕ್ಕದಲ್ಲಿ ಪೆಟ್ಟಿಗೆಯ ಮುಂದೆ, ಅಂದರೆ ಹಾರ್ಮೋನಿಯಮ್ಮಿನ ಮುಂದೆ ಕೂರುವವರೇ ಮೇಷ್ಟ್ರು. ಹಾಡು, ಮಾತು, ಹೆಜ್ಜೆ ಎಲ್ಲ ಕಲಿಸುವವರು ಅವರೇ, ತಪ್ಪಿದರೆ ಅಲ್ಲಿಂದಲೇ ಕಣ್ಣು ಬಿಡುವವರೂ ಅವರೇ. ಈಚೆಗೆ ಹೆಂಗಸರೂ ತಂಡ ಕಟ್ಟಿ, ಮೀಸೆ ಅಂಟಿಸಿ, ಗದೆ ಹೊತ್ತು ಆಡುತ್ತಾರೆ. ಆದರೆ ಪೆಟ್ಟಿಗೆ ಮುಂದಿನ ಕುರ್ಚಿಯಲ್ಲಿ ಮಾತ್ರ ಗಂಡಸೇ. ಆ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತದ್ದನ್ನು ನಾನಂತೂ ನೋಡಿರಲಿಲ್ಲ.

ಆ ನಾಟಕ ಆದ ವರ್ಷ, ಆಷಾಢದಲ್ಲಿ ನಿಡಘಟ್ಟದ ಗೌರಕ್ಕ ನಮ್ಮ ಮನೆಗೆ ಬಂದಳು. ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆದು ತೆಗೆದುಕೊಳ್ಳುವವಳು, ದೊಡ್ಡ ಗಂಟಲಿನವಳು, ಅವರ ತಂಡದ ರಾಜಪಾರ್ಟು. ಕೊಡೆ ಮಡಿಸುವ ಮೊದಲೇ ಮಾತು ತೆಗೆದಳು.

"ಮೇಡಮ್ಮೋರೆ, ಈ ಸಲಿ ನಮ್ ನಾಟ್ಕುಕ್ಕೆ ನೀವೇ ಕುಂತ್ಕಬೇಕು ಕಣ್ರವ್ವ. ಗಂಡುಸ್ರು ಸುರ್ತೀಲಿ ಆಡಿ ಆಡಿ ನಮ್ ಗಂಟ್ಲು ಅರ್ದು ಓಗದೆ. ಮೊಬೈಲ್ನಾಗ್ ಇರಾ ಆಡೆಲ್ಲ ಅವ್ರುದ್ದೇ. ನಮ್ ಗಂಟ್ಲಿಗ್ ತಕ್ಕಂಗೆ ಮಾಡ್ಕೊಡೋರು ಬೇಕು."

"ಮೇಷ್ಟ್ರಾಗಿ ಕೂರಬೇಕಾ, ಪಕ್ಕದಲ್ಲಿ ಕೂರಬೇಕಾ?" ಎಂದು ಕೇಳಿದೆ.

"ಪಕ್ದಲ್ ಕೂರ್ಸಕ್ಕೆ ನಿಡಗಟ್ಟದಿಂದ ಮಳೇಲಿ ಬತ್ತಿದ್ನಾ?"

ನಾನು ಹೂಂ ಎಂದೆ. ಬೇಕಿತ್ತು ನನಗೆ ಆ ಕುರ್ಚಿ. ಬೇಕಿರಲಿಲ್ಲ ಎಂದು ನಾಚಿಕೆ ನಟಿಸುವವಳು ನಾನಲ್ಲ.

ದಿನಾ ಅಭ್ಯಾಸಕ್ಕೆ ಬರಲು ಆ ಹೆಂಗಸರಿಗೆ ಎಲ್ಲಿಂದ ಪುರುಸೊತ್ತು? ಒಬ್ಬಳಿಗೆ ಹಸು, ಒಬ್ಬಳಿಗೆ ಗಾರ್ಮೆಂಟ್ಸು, ಒಬ್ಬಳಿಗೆ ಅಂಗನವಾಡಿ. ಅದಕ್ಕೆ ಒಬ್ಬೊಬ್ಬರ ಹಾಡನ್ನೂ ಅವರವರ ಶ್ರುತಿಗೆ ನುಡಿಸಿ, ಮೊದಲು ನಿಧಾನಕ್ಕೆ, ಆಮೇಲೆ ಸರಿಯಾದ ವೇಗಕ್ಕೆ ಮಾಡಿ ಮೊಬೈಲಿಗೆ ಕಳಿಸುವುದು ಎಂದು ಮಾಡಿಕೊಂಡೆವು. ಹಾಲು ಕರೆಯುತ್ತಾ, ಮುದ್ದೆ ತಿರುವುತ್ತಾ ಕೇಳಿ ಕಲಿಯಲಿ ಎಂದು. ನುಡಿಸಿದ ಸದ್ದನ್ನೇ ಹಾಗೇ ಹಿಡಿದಿಟ್ಟರೆ ಶ್ರುತಿ, ವೇಗ ಬದಲಾಯಿಸಿದಾಗ ಸ್ವರ ಕೀರಲಾಗುತ್ತದೆ, ಇಲ್ಲವೇ ಗೊಗ್ಗರಾಗುತ್ತದೆ. ಅದಕ್ಕಾಗಿ ಬೇರೆ ದಾರಿ ಇದೆ. ಕೀಬೋರ್ಡಿನಿಂದ ಸದ್ದು ಹೋಗುವುದೇ ಇಲ್ಲ, ಬರೀ ಸುದ್ದಿ ಹೋಗುತ್ತದೆ. ಇಂಥ ಕೀಲಿ ಒತ್ತಿದಳು, ಇಷ್ಟು ಜೋರಾಗಿ ಒತ್ತಿದಳು, ಈಗ ಬಿಟ್ಟಳು, ಅಷ್ಟೆ. ಆ ಸುದ್ದಿಯನ್ನು ಕಂಪ್ಯೂಟರು ಬರೆದಿಟ್ಟುಕೊಂಡು, ನಾವು ಹೇಳಿದ ಶ್ರುತಿಯಲ್ಲಿ, ಹೇಳಿದ ವೇಗದಲ್ಲಿ ತಾನೇ ನುಡಿಸುತ್ತದೆ. ಇದಕ್ಕೆ ಮಿಡಿ ಎನ್ನುತ್ತಾರೆ. ನನ್ನದು ಆರ್ಕೆಸ್ಟ್ರಾದವರಿಂದ ಕೊಂಡ ಹಳೆಯ ಕೀಬೋರ್ಡು, ಹಿಂದೆ ಐದು ತೂತಿನ ದುಂಡನೆಯ ಸಾಕೆಟ್ಟು. ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಎರಡರ ನಡುವೆ ಸುದ್ದಿ ಮುಟ್ಟಿಸುವ ಒಂದು ಡಬ್ಬಿ ಬೇಕು, ಮಿಡಿ ಇಂಟರ್‌ಫೇಸು. ನಡುವೆ ಟಪಾಲಿನವನಿದ್ದ ಹಾಗೆ. ಒತ್ತಿದ ಸುದ್ದಿ ಅವನು ಕಳೆದರೆ ಹಾಡಿನಲ್ಲಿ ತೂತು ಬೀಳುತ್ತದೆ. ಬಿಟ್ಟ ಸುದ್ದಿ ಕಳೆದರೆ ಆ ಸ್ವರ ನಿಲ್ಲುವುದೇ ಇಲ್ಲ, ಊಂ ಎಂದು ಊದುತ್ತಲೇ ಇರುತ್ತದೆ.

ಮಂಡ್ಯದಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡ ಒಬ್ಬರನ್ನು ಹೋಗಿ ಕೇಳಿದೆ. ಅವರು ಬಿಡಿಸಿ ಹೇಳಿದರು. "ಮೇಡಂ, ಕಂಪ್ಯೂಟರು ಹಳೇದಾದ್ರೂ ನಡೆಯುತ್ತೆ, ನಡುವಿನ ಡಬ್ಬಿ ಮಾತ್ರ ಒಳ್ಳೇದಿರಬೇಕು. ಹೆಸರಿರೋರದ್ದು ತಗೊಳ್ಳಿ, ಕಂಪ್ಯೂಟರಿಗೆ ಹಾಕೋ ಸಾಫ್ಟ್‌ವೇರೂ ಅವರೇ ಕೊಟ್ಟಿರಬೇಕು. ಕೊಳ್ಳೋಕೆ ಮುಂಚೆ ನಿಮ್ಮ ಕೀಬೋರ್ಡೇ ಹೊತ್ಕೊಂಡು ಹೋಗಿ ಎರಡೂ ಕೈಲಿ ಜೋರಾಗಿ ನುಡಿಸಿ ನೋಡಿ. ನಿಧಾನಕ್ಕೆ ನುಡಿಸಿದ್ರೆ ಎಲ್ಲಾ ಡಬ್ಬೀನೂ ಒಳ್ಳೇದೇ." ಯಾವುದು ಬೇಕು ಎಂದೂ ಹೆಸರು ಹೇಳಿದರು. ಬೆಂಗಳೂರಿಗೆ ಹೋಗಿ ತರುವುದು ಎಂದು ತೀರ್ಮಾನಿಸಿದೆ.

ಅಲ್ಲಿಗೆ ನನ್ನ ಮೈದುನ ಮಹೇಶ ಬಾಯಿ ಹಾಕಿದ. ಮದ್ದೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮೊಬೈಲಿಗೆ ಗಾಜು ಅಂಟಿಸಲು ಬಂದರೆ ಲೋಕದ ಮಿಷೀನೆಲ್ಲ ಬಂದಂತೆ ಎಂದು ಅವನ ನಂಬಿಕೆ.

"ಒಂದ್ ವೈರ್ಗೋಸ್ಕರ ಬೆಂಗ್ಳೂರ್ಗೆ ಓಯ್ತೀರಾ ಅತ್ಗೆ? ನಾ ಎಂಗೂ ಅಂಗ್ಡಿಗೆ ಮಾಲ್ ತರಕ್ ಓಯ್ತಾವ್ನಿ. ತತ್ತೀನಿ ಬುಡಿ."

ಹೆಸರು ಹೇಳಿದೆ. ಎರಡು ಸಲ ಹೇಳಿದೆ. ಅವನು ತಂದದ್ದು ಹೆಸರಿಲ್ಲದ ಒಂದು ವೈರು, ನಡುವೆ ಗೆಡ್ಡೆಯಂಥ ಒಂದು ಉಬ್ಬು, ಅದರೊಳಗೆ ನೀಲಿ ದೀಪ. ನಾನು ಹೇಳಿದ್ದು ಇದಲ್ಲ, ವಾಪಸು ಕೊಡು ಎಂದೆ. "ಎಲ್ಲಾ ಒಂದೇ ಕಣತ್ಗೆ. ಒಳ್ಗಡೆ ಇರಾದು ಅದೇ ಚಿಪ್ಪು. ನೀವೇಳಿದ್ದು ಬರೀ ಎಸ್ರು" ಎಂದ. ಪ್ಯಾಕೆಟ್ಟನ್ನು ದಾರಿಯಲ್ಲೇ ಹರಿದು ಎಸೆದಿದ್ದ. ಇವನು ನನಗೆ ಉಪಕಾರ ಮಾಡಿದ್ದಾನೆ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡರು. ಅಡುಗೆಯವಳಿಗೆ ಪಾತ್ರೆ ತರುವಾಗ ಅವಳನ್ನು ಕೇಳುತ್ತಾರೆ. ನುಡಿಸುವವಳಿಗೆ ತರುವಾಗ ಕೇಳುವುದಿಲ್ಲ.

ಸರಿಗಮ ನುಡಿಸಿದೆ, ಚೆನ್ನಾಗಿತ್ತು. ನೀಲಿ ದೀಪ ಕುಣಿಯಿತು. ತಂಡದವರು ಕಾಯುತ್ತಿದ್ದರು, ಮಳೆ ಬಿಡುತ್ತಿರಲಿಲ್ಲ, ಇದರಲ್ಲೇ ಶುರುಮಾಡಿದೆ. ಗೌರಕ್ಕನ ಪ್ರವೇಶದ ಹಾಡು ನಾನೇ ಕಟ್ಟಿದ್ದು. "ನೆಲವೆಲ್ಲ ನನ್ನದು, ನೆರಳೆಲ್ಲ ನನ್ನದು" ಎಂದು ಅಹಂಕಾರದ ರಾಜ ಮೀಸೆ ತಿರುವಿ ಹೇಳುವ ಹಾಡು. ಎರಡೂ ಕೈಗೆ ತುಂಬ ಕೆಲಸ ಅದರಲ್ಲಿ. ನುಡಿಸುವಾಗ ಕೀಬೋರ್ಡಿನ ಸ್ಪೀಕರಿನಲ್ಲಿ ಎಲ್ಲವೂ ಸರಿಯಾಗಿ ಕೇಳಿತು. ಕಂಪ್ಯೂಟರಿನಲ್ಲಿ ಹಾಕಿ ಕೇಳಿದರೆ "ನೆಲವೆಲ್ಲಾ" ಆದ ಮೇಲೆ ಬರಬೇಕಾದ ಸ್ವರಗುಚ್ಛವೇ ಇಲ್ಲ, ಬರೀ ತೂತು. ಇನ್ನೊಂದು ಹಾಡಿನಲ್ಲಿ ಒಂದು ಸ್ವರ ನಿಲ್ಲದೆ ಊದುತ್ತಿತ್ತು. ಮತ್ತೆ ನುಡಿಸುತ್ತೇನೆ, ಅಲ್ಲಿಯವರೆಗೆ ಏನೂ ಕಳಿಸಬೇಡ ಎಂದು ಮಹೇಶನಿಗೆ ಹೇಳಿ ಒಳಗೆ ಒಲೆಯ ಹತ್ತಿರ ಹೋದೆ. ಬರುವಷ್ಟರಲ್ಲಿ ಮಹಾನುಭಾವ ಎಲ್ಲವನ್ನೂ ತಂಡದ ವಾಟ್ಸಾಪ್ ಗುಂಪಿಗೆ ಕಳಿಸಿ ಮುಗಿಸಿದ್ದ.

"ಎಲ್ಲಾರೂ ಕೇಳ್ತಿದ್ರು ಅತ್ಗೆ. ಅದ್ಯಾಕಂಗೆ ಸಿಡುಕ್ತೀರಿ?"

"ತೂತು ಬಿದ್ದಿದೆ ಕಣೋ ಅದರಲ್ಲಿ."

"ನಿಮ್ ಬೆರ್ಳು ಸರ್ಯಾಗ್ ಬಿದ್ದಿಲ್ಲ ಬುಡಿ. ಕಂಪ್ಯೂಟ್ರು ಯಾಕತ್ಗೆ ಸುಳ್ಳೇಳದು? ನೀವ್ ಒತ್ತಿದ್ನೇ ಅದು ಬರ್ಕೊಳದು."

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ನಮ್ಮವರಿಗೆ ಫೋನು ಮಾಡಿದರೆ "ಅರ್ಥಿಂಗ್ ಸರಿಯಿಲ್ಲ ಅನ್ಸುತ್ತೆ, ನೋಡಿಸು" ಎಂದರು. ನಾಡಿಗೆಲ್ಲ ಕರೆಂಟು ಕಳಿಸುವವರು, ಅವರಿಗೆ ನೆಗಡಿ ಬಂದರೂ ಅರ್ಥಿಂಗೇ ಕಾರಣ. ಮತ್ತೆ ಮತ್ತೆ ನುಡಿಸಿದೆ. ಒಂದು ತೂತು ಮುಚ್ಚಿದರೆ ಇನ್ನೊಂದು ಕಡೆ ತೂತು. ಶ್ರಾವಣವೆಲ್ಲ ಹೀಗೇ ಕಳೆಯಿತು. ನನಗೇ ಅನುಮಾನ ಹತ್ತಿತು. ಬಿಸಿನೀರಿನಲ್ಲಿ ಬೆರಳು ಅದ್ದಿ ಅದ್ದಿ ಅಭ್ಯಾಸ ಮಾಡಿದೆ. ಸಣ್ಣವಳಿದ್ದಾಗಿಂದ ನನ್ನ ಅನ್ನ ದುಡಿದ ಕೈಯನ್ನು ನಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ಇದಕ್ಕೇನು ಬಂತು ಎಂದು ಅತ್ತೆ.

ಭಾದ್ರಪದದಲ್ಲಿ ನಿಡಘಟ್ಟದ ಸಮುದಾಯ ಭವನದಲ್ಲಿ ಎಲ್ಲರೂ ಸೇರಿದರು. ಮೇಲೆ ತಗಡು, ತಗಡಿನ ಮೇಲೆ ಮಳೆ, ಆಚೆ ಬೆಂಗಳೂರು ರಸ್ತೆಯ ಲಾರಿಗಳ ಸದ್ದು. ತಂಡದ ಗಂಡಂದಿರು ಸೇರಿ ಚಿಕ್ಕಲಿಂಗಯ್ಯ ಮೇಷ್ಟ್ರನ್ನು "ಸುಮ್ಕೆ ನೋಡ್ಕಂಡ್ ಓಗ್ಲಿ" ಎಂದು ಕರೆಸಿದ್ದರು. ಸುತ್ತಲ ಹಳ್ಳಿಗಳಿಗೆಲ್ಲ ನಾಟಕ ಕಲಿಸಿದ ಹಿರಿಯರು. ಮುಂದಿನ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತರು. ನಾನು ಹಾರ್ಮೋನಿಯಂ ಹಿಡಿದೆ. ಒಬ್ಬೊಬ್ಬರಾಗಿ ಹಾಡಲು ಬಂದರು. ಏನು ಹೇಳಲಿ, ಒಬ್ಬೊಬ್ಬರೂ ಒಂದೊಂದು ಕಡೆ ಗಕ್ಕನೆ ನಿಂತರು. ಮೊಬೈಲಿನಲ್ಲಿ ಬಂದದ್ದನ್ನು ದೇವರ ಮಾತಿನಂತೆ ಕಲಿತಿದ್ದರು. ತೂತು ಬಿದ್ದ ಕಡೆ ತೂತು, ಸ್ವರ ಊದಿದ ಕಡೆ ಇವರೂ ಉಸಿರು ಕಟ್ಟುವವರೆಗೆ ಎಳೆದರು. ಗೌರಕ್ಕ "ನೆಲವೆಲ್ಲಾ" ಎಂದು ನಿಂತು, ತೂತಿನಷ್ಟೇ ಹೊತ್ತು ಕಾದು, ಆಮೇಲೆ "ನನ್ನದು" ಎಂದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಲಿಲ್ಲ. ನನ್ನ ಹಾರ್ಮೋನಿಯಂ ಮುಂದೆ ಓಡಿಹೋಗಿತ್ತು.

ಗಂಡಸರು ನಕ್ಕರು. ಮೇಷ್ಟ್ರು ಎದ್ದು ಬಂದು ನನ್ನ ಪಕ್ಕ ನಿಂತರು.

"ಪೆಟ್ಗೆ ಅಂದ್ರೆ ಮಕ್ಳಾಟ ಅಲ್ಲ ಕಣಮ್ಮಣ್ಣಿ. ನಿಂದು ಕೈ ತಪ್ತಾ ಅದೆ. ನೀ ಕಲ್ಸಿದ್ನೇ ತಾನೆ ಅವು ಆಡಾದು? ಪಕ್ದಲ್ ಕುಂತ್ಕೊ, ನಾನ್ ನುಡುಸ್ತೀನಿ, ನೋಡಿ ಕಲ್ತ್ಕೊ."

ಗಂಡಂದಿರು ಆಗಲೇ ಕುರ್ಚಿ ಎಳೆಯಲು ಹೊರಟಿದ್ದರು. ಗೌರಕ್ಕ ಅಡ್ಡ ನಿಂತಳು. "ಇನ್ನೊಂದ್ ಸಲಿ ಸೇರಣ. ಆಗ್ಲೂ ಇಂಗೇ ಆದ್ರೆ ಮೇಷ್ಟ್ರೇ ಕುಂತ್ಕೊಳ್ಲಿ" ಎಂದಳು. ನನ್ನ ಕಡೆ ನೋಡದೆ ಹೇಳಿದಳು. ಅವಳಿಗೂ ಅನುಮಾನ ಬಂದಿತ್ತು ಎಂದು ಗೊತ್ತಾಯಿತು. ಬಸ್ಸಿನಲ್ಲಿ ಮನೆ ಸೇರುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ.

ದಾರಿ ಹೊಳೆದದ್ದು ಒಂದು ಮಧ್ಯಾಹ್ನ. ನನ್ನ ಹಳೆಯ ಕೀಬೋರ್ಡಿಗೆ ತನ್ನೊಳಗೇ ನುಡಿಸಿದ್ದನ್ನು ನೆನಪಿಟ್ಟುಕೊಳ್ಳುವ ಒಂದು ಗುಂಡಿ ಇದೆ. ಆರ್ಕೆಸ್ಟ್ರಾದವರು ಬಳಸುತ್ತಿದ್ದದ್ದು, ನನಗೆ ಬೇಕಾಗಿರಲಿಲ್ಲ. ಗೌರಕ್ಕನ ಹಾಡನ್ನು ಕೀಬೋರ್ಡಿನೊಳಗೇ ತುಂಬಿಸಿ ಅದರಿಂದಲೇ ನುಡಿಸಿ ಕೇಳಿದೆ. ಒಂದು ಸ್ವರ ತಪ್ಪಿರಲಿಲ್ಲ. ತಪ್ಪು ನನ್ನ ಕೈಯದಲ್ಲ, ವೈರಿನದು. ತಕ್ಷಣ ಮೇಷ್ಟ್ರಿಗೂ ಗೌರಕ್ಕನಿಗೂ ಹೇಳಿ ಕಳಿಸಿದೆ. ಮಹೇಶನನ್ನು ಅಂಗಡಿಗೆ ಬೀಗ ಹಾಕಿಸಿ ಎಳೆತಂದೆ.

ಎಲ್ಲರನ್ನೂ "ಅವಳ ರೂಮಿ"ನಲ್ಲಿ ಕೂರಿಸಿದೆ. ಕೀಬೋರ್ಡು ತಾನೇ ನುಡಿಸುವ ಗುಂಡಿ ಒತ್ತಿ, ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡೆ.

"ನೋಡಿ ಮೇಷ್ಟ್ರೆ, ನನ್ನ ಕೈ ಇಲ್ಲಿದೆ" ಎಂದೆ.

ಹಾಡು ಸ್ಪೀಕರಿನಲ್ಲಿ ಪೂರ್ತಿ ಬಂತು. ಅದೇ ಹೊತ್ತಿಗೆ ಆ ವೈರಿನಲ್ಲಿ ಸುದ್ದಿ ಹೋಗಿ ಕಂಪ್ಯೂಟರಿನಲ್ಲಿ ಬರೆದುಕೊಂಡಿತು. ಅದನ್ನು ಹಾಕಿ ಕೇಳಿಸಿದೆ, "ನೆರಳೆಲ್ಲ" ಎಂಬಲ್ಲಿ ತೂತು. ಮತ್ತೆ ಮಾಡಿದೆ, ಈ ಸಲ ಕೊನೆಯ ಸಾಲಿನಲ್ಲಿ ತೂತು. ಮೂರನೆಯ ಸಲ ತೂತಿಲ್ಲ, ಒಂದು ಸ್ವರ ನಿಲ್ಲದೆ ಊದಿತು.

"ಕೈ ತಪ್ಪಿದ್ದರೆ ಪ್ರತಿ ಸಲವೂ ಒಂದೇ ಕಡೆ ತಪ್ಪಬೇಕು, ಯಾಕೆಂದರೆ ನುಡಿಸಿದ್ದು ಒಂದೇ ಸಲ. ಈಗ ಹೇಳಿ, ಯಾರ ಕೈ ತಪ್ಪಿದ್ದು?"

ಮಹೇಶ ನೀಲಿ ದೀಪವನ್ನೇ ನೋಡುತ್ತಾ, "ಒಂದೊಂದ್ ಪೀಸು ಅಂಗಿರ್ತದೆ ಅತ್ಗೆ" ಎಂದ. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, "ಮಿಸೀನ್ ವಿಸ್ಯ ನಂಗ್ಯಾಕಮ್ಮ. ನಾ ಕೇಳ್ದಂಗೆ ಏಳ್ದೆ" ಎಂದು ಚಪ್ಪಲಿ ಮೆಟ್ಟಿ ಹೊರಟರು. ತಪ್ಪಾಯಿತು ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಗೌರಕ್ಕ ಮಾತ್ರ ನನ್ನ ಬಲಗೈ ಹಿಡಿದುಕೊಂಡು, "ಬುಡಿ, ಈ ಕೈಯೇ ತಪ್ತು ಅಂತ ನಾನೂ ಅನ್ಕಂಡ್ಬುಟ್ಟಿದ್ದೆ" ಎಂದಳು. ಆಮೇಲೆ ಸೆರಗು ಸಿಕ್ಕಿಸಿ, "ನಡೀರಿ, ಬೆಂಗ್ಳೂರ್ಗೆ ನಾನೂ ಬತ್ತೀನಿ. ಒಳ್ಳೇದು ಯಾವ್ದು ಅಂತ ನೀವೇ ಆರಿಸ್ಕೊಳಿ" ಎಂದಳು.

ಕೀಬೋರ್ಡನ್ನು ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಇಬ್ಬರ ತೊಡೆಯ ಮೇಲೂ ಅಡ್ಡ ಇಟ್ಟುಕೊಂಡು ಹೋದೆವು. ವಾದ್ಯದಂಗಡಿಯ ಹುಡುಗ ನಮ್ಮನ್ನು ನೋಡಿದವನೇ, "ಸರ್ ಏನ್ ಹೇಳಿ ಕಳಿಸಿದ್ರು ಮೇಡಂ?" ಎಂದು ಕೇಳಿದ.

"ನುಡ್ಸೋರು ಇಲ್ಲೇ ನಿಂತವ್ರೆ, ಇನ್ಯಾವ್ ಸಾರು? ಅವ್ರುನ್ ಕೇಳಪ್ಪ" ಎಂದಳು ಗೌರಕ್ಕ.

ಅವನು ಮೊದಲು ತಂದದ್ದು ನೀಲಿ ದೀಪದ ಅದೇ ವೈರು. ಅದನ್ನು ಕಣ್ಣೆದುರಿನಿಂದ ತೆಗೆಸಿದೆ. ಇನ್ನೊಂದರಲ್ಲಿ ಸ್ವರ ಕಳೆಯಲಿಲ್ಲ, ಆದರೆ ಬೆರಳು ಬಿದ್ದು ಸ್ವಲ್ಪ ತಡೆದು ಸದ್ದು ಬರುತ್ತಿತ್ತು. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆದ ಸದ್ದಿನಂತೆ. ಅದೂ ಬೇಡ ಎಂದೆ. ಹುಡುಗನ ಮುಖ ಗಂಟಾಯಿತು. ಇನ್ನೇನು ತೆಗೆಯಲಿ ಎಂದ. ಇರುವುದನ್ನೆಲ್ಲ ತೆಗಿ ಎಂದೆ. ಕಡೆಗೆ ಮಂಡ್ಯದವರು ಹೇಳಿದ್ದ ಡಬ್ಬಿಯೇ ಒಳಗಿನಿಂದ ಬಂತು. ನೋಡಲು ಏನೂ ಚೆಂದವಿಲ್ಲ, ಕಪ್ಪು ಡಬ್ಬಿ, ಬಂದ ಸುದ್ದಿಗೊಂದು, ಹೋದ ಸುದ್ದಿಗೊಂದು ಸಣ್ಣ ದೀಪ. ಎರಡೂ ಕೈಯಲ್ಲಿ, ಬೆರಳು ನೋಯುವಷ್ಟು ಜೋರಾಗಿ, ಆಷಾಢದಿಂದ ಕಟ್ಟಿಕೊಂಡ ಸಿಟ್ಟನ್ನೆಲ್ಲ ತೀರಿಸಿಕೊಂಡು ನುಡಿಸಿದೆ. ಒಂದೇ ಒಂದು ಸ್ವರವೂ ಕಳೆಯಲಿಲ್ಲ. ಅಂಗಡಿಯಲ್ಲಿದ್ದವರು ಕೆಲಸ ಬಿಟ್ಟು ನೋಡಿದರು.

ಹೊಸ ಹಾಡುಗಳು ಹೋದವು. ಉಳಿದವರೆಲ್ಲ ಹಳೆಯದನ್ನು ಮರೆತು ಹೊಸದನ್ನು ಕಲಿತರು. ಗೌರಕ್ಕನಿಗೆ ಮಾತ್ರ ಆಗಲಿಲ್ಲ. ಎಲ್ಲರಿಗಿಂತ ಹೆಚ್ಚು ಅಭ್ಯಾಸ ಮಾಡಿದವಳು ಅವಳೇ. "ಏನ್ ಮಾಡ್ಲಿ ಮೇಡಮ್ಮೋರೆ, ಆಲ್ ಕರೀತಾ ಆಡಿ ಆಡಿ ಅಸುಗೂ ಅದೇ ಅಭ್ಯಾಸ ಆಗೋಗದೆ. ನಾ ನಿಲ್ಸ್‌ದಿದ್ರೆ ಅದು ಕಾಲ್ ಒದರ್ತದೆ" ಎಂದಳು. ಮೊದಲು ನನಗೂ ಸಿಟ್ಟು ಬಂತು. ಆಮೇಲೆ ಒಂದು ದಿನ ಅವಳು ನಿಂತ ಆ ಗಳಿಗೆಯಲ್ಲಿ ನಾನೂ ಕೈ ಎತ್ತಿಬಿಟ್ಟೆ. ತಬಲದವನಿಗೂ ನಿಲ್ಲಿಸಲು ಹೇಳಿದೆ. "ನೆಲವೆಲ್ಲಾ" ಎಂದು ಗೌರಕ್ಕ ನಿಂತು ಎದುರಿಗಿದ್ದವರನ್ನೆಲ್ಲ ಕಣ್ಣಲ್ಲಿ ಅಳೆದಳು. ಆ ಸದ್ದಿಲ್ಲದ ಜಾಗದಲ್ಲಿ ಗದೆಯನ್ನು ಒಂದು ಸಲ ನೆಲಕ್ಕೆ ಕುಟ್ಟು ಎಂದೆ. ಕುಟ್ಟಿದಳು. "ನನ್ನದು" ಎಂದಳು. ಸಮುದಾಯ ಭವನದ ಬಾಗಿಲಲ್ಲಿ ಹರಟುತ್ತಿದ್ದವರು ಒಳಗೆ ಬಂದು ನಿಂತರು. ವೈರು ಮಾಡಿದ ತೂತಿಗೆ ನಾವಿಬ್ಬರೂ ಸೇರಿ ಚೌಕಟ್ಟು ಹಾಕಿದ್ದು ಹೀಗೆ.

ಮೇಷ್ಟ್ರು ಆಗಲೂ ಬರುತ್ತಿದ್ದರು. "ತಗಿಯಮ್ಮ ಅದ್ನ. ತಾಳ ಕೆಟ್ಟಂಗ್ ಕಾಣ್ತದೆ, ಜನ ಆಡ್ಕೊಂಡ್ ನಗ್ತರೆ" ಎಂದು ನಾಟಕದ ಹಿಂದಿನ ದಿನದವರೆಗೂ ಹೇಳಿದರು. ನಾನು ತೆಗೆಯಲಿಲ್ಲ. ಕುರ್ಚಿಯೂ ನನ್ನ ಹತ್ತಿರವೇ ಉಳಿಯಿತು. ಆದರೆ ನಾಟಕಕ್ಕೆ ಮುಂಚೆ ಮದ್ದೂರಿನಲ್ಲಿ ಕಟ್ಟಿದ ಫ್ಲೆಕ್ಸ್ ನೋಡಿದರೆ ಸಿಟ್ಟು ನೆತ್ತಿಗೇರಿತು. ನಡುವೆ ಪೇಟ ತೊಟ್ಟ ಮೇಷ್ಟ್ರ ದೊಡ್ಡ ಪಟ, ಕೆಳಗೆ ನಿರ್ದೇಶನ ಎಂದು ಅವರ ಹೆಸರು. ನನ್ನದು ಮೂಲೆಯಲ್ಲಿ, ಶಾಮಿಯಾನದವನ ಹೆಸರಿನ ಪಕ್ಕ, "ಕೀಬೋರ್ಡ್ ಸಹಾಯ". ಗಂಡಂದಿರನ್ನು ಕೇಳಿದರೆ "ಇರೀಕ್ರು, ಗೌರವ್ಕೆ ಆಕಿದ್ದು ಕಣಮ್ಮ, ಬೇಜಾರ್ ಮಾಡ್ಕಬ್ಯಾಡಿ" ಎಂದರು. ಕೆಲಸ ನನಗೆ, ಗೌರವ ಅವರಿಗೆ. ಬೇಜಾರು ಮಾಡಿಕೊಂಡರೆ ಅದೂ ನನ್ನದೇ ತಪ್ಪು.

ಕಾರ್ತಿಕದಲ್ಲಿ ಮಳೆ ಹಿಂದೆಗೆದ ಮೇಲೆ ಮದ್ದೂರಿನಲ್ಲಿ ನಾಟಕ ಆಯಿತು. ಹೆಂಗಸರು ಸಂಜೆಯ ಹಾಲು ಕರೆಯಲು ಮನೆ ಸೇರಬೇಕು ಎಂದು ಹಗಲು ಹೊತ್ತೇ ಇಟ್ಟಿದ್ದೆವು. ರಂಗದ ಪಕ್ಕ ನನ್ನ ಕೀಬೋರ್ಡು, ಕಪ್ಪು ಡಬ್ಬಿ, ಕಂಪ್ಯೂಟರು. ಕಂಪ್ಯೂಟರಿನ ಸದ್ದು ನೇರ ದೊಡ್ಡ ಸ್ಪೀಕರುಗಳಿಗೆ. ಗೌರಕ್ಕ ಮೀಸೆ ತಿರುವಿ ಬಂದಳು. "ನೆಲವೆಲ್ಲಾ" ಎಂದಳು. ನಾನು ಕೈ ಎತ್ತಿದೆ. ಶಾಮಿಯಾನದಡಿ ಕೂತ ಅಷ್ಟೂ ಜನ ಉಸಿರು ಹಿಡಿದದ್ದು ನನಗೆ ಕೇಳಿಸಿತು. ಗದೆ ಕುಟ್ಟಿದಳು. "ನನ್ನದು." ಚಪ್ಪಾಳೆ, ಶಿಳ್ಳೆ, ಮತ್ತೊಮ್ಮೆ ಮತ್ತೊಮ್ಮೆ ಎಂಬ ಕೂಗು. ಅವಳು ಮೂರು ಸಲ ಹಾಡಬೇಕಾಯಿತು.

ನಾಟಕ ಮುಗಿದು ಮಂಗಳಕ್ಕೆ ಮುಂಚೆ ಸನ್ಮಾನ. ಚಿಕ್ಕಲಿಂಗಯ್ಯ ಮೇಷ್ಟ್ರಿಗೆ ಪೇಟ, ಹಾರ, ಶಾಲು. ಮೈಕು ಹಿಡಿದು ಹೇಳಿದರು. "ನೆಲವೆಲ್ಲಾ ಅಂತ ನಿಲ್ಸಾದು ಅದೆಯಲ್ಲ, ಅದ ಕಲ್ಸಕ್ಕೆ ನಂಗೆ ಇಡೀ ಮಳೆಗಾಲ ಬೇಕಾಯ್ತು. ಎಣ್ಮಕ್ಳು, ಪಾಪ, ಏಳ್ದಂಗ್ ಕೇಳುದ್ರು." ವಿಡಿಯೋದಲ್ಲಿ ಇಷ್ಟಿದೆ. ಮುಂದಿನದು ಇಲ್ಲ.

ನನ್ನ ಬಲಗೈ ಮಂಗಳ ನುಡಿಸಲು ಕೀಬೋರ್ಡಿನ ಮೇಲೆ ಸಿದ್ಧವಾಗಿತ್ತು. ಒಂದು ಕೀಲಿ ಒತ್ತಿದೆ. ಕೆಳಗಿನ ಷಡ್ಜ. ಒತ್ತಿದ್ದನ್ನು ಬಿಡಲಿಲ್ಲ.

ದೊಡ್ಡ ಸ್ಪೀಕರುಗಳಲ್ಲಿ ಊಂ ಎಂದು ಎದ್ದಿತು. ಮೇಷ್ಟ್ರು ತಡೆದರು, ನಿಲ್ಲುತ್ತದೆ ಎಂದು ಕಾದರು, ಮತ್ತೆ ಬಾಯಿ ತೆರೆದರು. ಅವರ ಮಾತು ಅದರಲ್ಲಿ ಮುಳುಗಿತು. "ಅಲೋ, ಅಲೋ" ಎಂದು ಮೈಕು ತಟ್ಟಿದರು. ಜನ ತಿರುತಿರುಗಿ ಸ್ಪೀಕರು ನೋಡಿದರು. ಮಹೇಶ ಎಲ್ಲಿದ್ದನೋ, ಬಗ್ಗಿಕೊಂಡು ಓಡಿಬಂದು ನನ್ನ ಕಾಲ ಹತ್ತಿರ ಕೂತು ಡಬ್ಬಿಯ ವೈರಿಗೆ ಕೈ ಹಾಕಿದ.

"ಅತ್ಗೆ, ಇದೂ ಕೈ ಕೊಡ್ತಾ? ಕಿತ್ತಾಕ್ಲಾ?"

"ಮುಟ್ಟಿದರೆ ನೋಡು. ಡಬ್ಬಿ ಸರಿಯಾಗಿದೆ. ಬೆರಳು ನಂದು."

ಅವನು ತಲೆ ಎತ್ತಿ ನನ್ನ ಬೆರಳು ನೋಡಿದ, ಮುಖ ನೋಡಿದ, ಕೈ ಹಿಂದಕ್ಕೆ ತೆಗೆದುಕೊಂಡ. ಮೇಷ್ಟ್ರೂ ನೋಡಿದರು. ಅವರಿಗೆ ಅರ್ಥವಾಯಿತು. ಕಣ್ಣು ಬಿಟ್ಟರು, ಹಾಡು ತಪ್ಪಿದವರಿಗೆ ಬಿಡುವ ಹಾಗೆ. ನಾನೂ ಅವರನ್ನೇ ನೋಡುತ್ತಾ ಒತ್ತಿ ಹಿಡಿದೆ. ಬೆರಳು ನೋಯುತ್ತಿತ್ತು. ಬಿಡುವ ಯೋಚನೆ ನನಗಿರಲಿಲ್ಲ.

ಗೌರಕ್ಕ ಕಿರೀಟ ತೆಗೆದಿದ್ದಳು, ಮೀಸೆ ಒಂದು ಕಡೆ ಕಿತ್ತು ತೂಗುತ್ತಿತ್ತು. ಗದೆಯನ್ನು ಬೇರೆಯವಳ ಕೈಗೆ ಕೊಟ್ಟು ಮುಂದೆ ಬಂದು, ಮೇಷ್ಟ್ರ ಕೈಯಿಂದ ಮೈಕು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, "ಕೊಡಿ ಇಲ್ಲಿ" ಎಂದು ಕೇಳಿಯೇ ತೆಗೆದುಕೊಂಡಳು. ಅವಳ ಗಂಟಲಿಗೆ ಮೈಕು ಬೇಕೇ ಇರಲಿಲ್ಲ. ಆ ಸ್ವರದ ಮೇಲೆಯೇ ಕೇಳಿಸಿತು.

"ನಮ್ಗೆ ಕಲ್ಸಿದ್ದು ನಮ್ ಮೇಷ್ಟ್ರು. ಅಗಳಿ ನೋಡಿ, ಅಲ್ ಕುಂತವ್ರೆ, ಪೆಟ್ಗೆ ಮುಂದೆ."

ಅಲ್ಲಿಯವರೆಗೂ ಅವಳಿಗೆ ನಾನು ಮೇಡಮ್ಮೋರು. ಜನ ಎಲ್ಲರೂ ನನ್ನ ಕಡೆ ತಿರುಗಿದರು. ಆಗ ಬೆರಳು ಎತ್ತಿದೆ. ಬಿಟ್ಟ ಸುದ್ದಿಯನ್ನು ಡಬ್ಬಿ ತಕ್ಷಣ ಮುಟ್ಟಿಸಿತು.